‘ಏಕರೂಪ’ವೆಂಬ ಪರಿಭಾಷೆ: ಒಂದು ವಿಮರ್ಶೆ

ಭೌತವಿಜ್ಞಾನವನ್ನು ಕನ್ನಡದಲ್ಲಿ ಬರೆಯಹೊರಟವರಿಗೆ ‘ಐಸೊಟ್ರಾಪಿಕ್’ ಎಂಬ ಪದ ಎದುರಾದಾಗ ಸುಲಭವಾಗಿ ಕೈಗೆ ದೊರೆಯುವ ಮಾತು ‘ಏಕರೂಪ’. ಆದರೆ ‘ಹೋಮೋಜೀನಿಯಸ್’ ಎಂಬುದಕ್ಕೂ ಅದೇ ಮಾತು ಒದಗುತ್ತದೆ. ಮೊದಲನೆಯದು ವಸ್ತುವಿನ ಗುಣವು ದಿಕ್ಕಿನೊಡನೆ ಬದಲಾಗದಿರುವುದನ್ನು ಹೇಳುತ್ತದೆ. ಎರಡನೆಯದು ಸ್ಥಳದೊಡನೆ ಬದಲಾಗದಿರುವುದನ್ನು. ಇವೆರಡನ್ನೂ ಒಂದೇ ಮಾತಿನಲ್ಲಿ ಅಡಗಿಸುವುದು ಸಾಧುವಲ್ಲ.

ಐಸ್‌ಲೆಂಡಿನ ಕ್ಯಾಲ್ಸೈಟ್ ಹರಳನ್ನು ನೋಡಿರಿ. ಅದರ ಯಾವ ಭಾಗವನ್ನು ತೆಗೆದುಕೊಂಡರೂ ದ್ರವ್ಯವೂ ರಚನೆಯೂ ಒಂದೇ. ಆದರೂ ಅದರ ಮೂಲಕ ನೋಡಿದ ಅಕ್ಷರ ಎರಡಾಗಿ ತೋರುತ್ತದೆ. ಡೆನ್ಮಾರ್ಕಿನ ಎರಾಸ್ಮಸ್ ಬಾರ್ಥೊಲಿನ್ 1669ರಲ್ಲಿ ಇದನ್ನು ವರ್ಣಿಸಿದನು. ಒಳಹೊಕ್ಕ ಬೆಳಕು ಇಬ್ಭಾಗವಾಗಿ, ಒಂದು ಕಿರಣದ ವೇಗ ಎಲ್ಲ ದಿಕ್ಕಿಗೂ ಸಮವಾಗಿದ್ದರೆ, ಇನ್ನೊಂದರದು ದಿಕ್ಕಿನೊಡನೆ ಬದಲಾಗುತ್ತದೆ. ಚೆನ್ನಾಗಿ ಹದಗೊಂಡ ಗಾಜಿನಲ್ಲಿ ಈ ಭೇದವಿಲ್ಲ. ‘ಏಕರೂಪ’ವೆಂದು ಬರೆದರೆ ಇವೆರಡೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ದಿಕ್ಕಿನ ಮಹತ್ವ ಬಡಗಿಗೆ ಹೊಸದಲ್ಲ. ಹಸಿ ಮರ ಒಣಗುವಾಗ ನಾರಿನ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಇಮ್ಮಡಿ. ಹಲಗೆ ಬಾಗುವುದು ಇದರಿಂದಲೇ.

ಪದವನ್ನು ತಿದ್ದಿಕೊಂಡ ಮಾತ್ರಕ್ಕೆ ದೋಷ ಮುಗಿಯದು. ‘ಈ ವಸ್ತು ಎಲ್ಲ ದಿಕ್ಕುಗಳಲ್ಲಿಯೂ ಸಮಾನ’ ಎಂಬ ವಾಕ್ಯವೇ ಅಪೂರ್ಣ. ಯಾವ ಗುಣದಲ್ಲಿ ಎಂಬುದನ್ನೂ ಹೇಳತಕ್ಕದ್ದು. ತಾಮ್ರದ ಒಂಟಿ ಹರಳು ವಿದ್ಯುತ್ತನ್ನು ಎಲ್ಲ ದಿಕ್ಕುಗಳಿಗೂ ಸಮವಾಗಿ ಒಯ್ಯುತ್ತದೆ. ಅದನ್ನೇ ಎಳೆದು ನೋಡಿದರೆ, ಅದರ ಘನಾಕಾರದ ಜಾಲದ ಅಂಚಿನ ದಿಕ್ಕಿನಲ್ಲಿ ಯಂಗ್ ಗುಣಾಂಕ ಸುಮಾರು 67 ಗಿಗಾಪಾಸ್ಕಲ್, ಮೂಲೆಯಿಂದ ಎದುರು ಮೂಲೆಗೆ ಹೋಗುವ ಕರ್ಣದಲ್ಲಿ ಸುಮಾರು 191. ತಾಮ್ರದ ಸಾಮಾನ್ಯ ಗಟ್ಟಿಯಲ್ಲಿ ಅಸಂಖ್ಯ ಸಣ್ಣ ಹರಳುಗಳು ಎತ್ತೆತ್ತಲೋ ಮುಖಮಾಡಿರುವುದರಿಂದ ಈ ಅಂತರ ಮರೆಯಾಗುತ್ತದೆ. ಉರುಳೆಗಳ ನಡುವೆ ಒತ್ತಿ ತಗಡು ಮಾಡಿದಾಗ ಹರಳುಗಳು ಒಂದು ಸಾಲಿಗೆ ಬರತೊಡಗಿ ಭೇದ ಮತ್ತೆ ತಲೆಯೆತ್ತುತ್ತದೆ. ಒಂದು ಹರಳಿಗೆ ಸಲ್ಲುವ ಮಾತು ಗಟ್ಟಿಗೆ ಸಲ್ಲದು. ಗಟ್ಟಿಗೆ ಸಲ್ಲುವುದು ತಗಡಿಗೆ ಸಲ್ಲದು.

ಇದು ಬರಿಯ ಶಬ್ದಚರ್ಚೆಯಲ್ಲ. ದಿಕ್ಕಿನ ಭೇದವಿಲ್ಲದ ವಸ್ತುವಿನ ಸ್ಥಿತಿಸ್ಥಾಪಕತೆಯನ್ನು ಎರಡು ಸ್ಥಿರಾಂಕಗಳಿಂದ ಹೇಳಬಹುದು. ಅತಿ ಕಡಿಮೆ ಸಮಮಿತಿಯುಳ್ಳ ಹರಳಿಗೆ 21 ಬೇಕು. ಪದ ತಪ್ಪಿದಲ್ಲಿ ಲೆಕ್ಕವೂ ತಪ್ಪುತ್ತದೆ. ಇಂಗ್ಲಿಷಿನಲ್ಲಿ ಈ ವಿದ್ಯೆಯನ್ನು ಕಲಿತ ನಮಗೆ ‘ಏಕರೂಪ’ ಕಂಡೊಡನೆ ಮೂಲಪದ ನೆನಪಾಗಿ ಅರ್ಥ ಕೂಡಿಕೊಳ್ಳುತ್ತದೆ. ಕನ್ನಡವೊಂದನ್ನೇ ನಂಬಿದ ವಿದ್ಯಾರ್ಥಿಗೆ ಆ ಆಸರೆಯಿಲ್ಲ.

ಆದುದರಿಂದ ‘ಸ್ಥಾನಸಮ’, ‘ದಿಕ್ಸಮ’ ಎಂಬ ಜೋಡಿ ಪದಗಳನ್ನು ವಿದ್ವಾಂಸರ ಪರಿಶೀಲನೆಗೆ ಒಪ್ಪಿಸುತ್ತೇವೆ. ಕಿವಿಗೆ ಇವು ಹೊಸವೆನಿಸಬಹುದು. ಆದರೆ ಯಾವುದರಲ್ಲಿ ಸಮವೆಂಬುದನ್ನು ಪದವೇ ಹೇಳುತ್ತದೆ.