ಕಸೂತಿಯ ಪಕ್ಕದ ಮನೆ

ಆಟಿಯ ಮಳೆ ಹಿಡಿಯಿತೆಂದರೆ ಪುತ್ತೂರು, ಸುಳ್ಯ, ಕಡಬದ ಕಡೆ ತೋಟದ ಕೆಲಸ ಹಿಂದೆ ಬೀಳುತ್ತದೆ, ಸೂಜಿ-ನೂಲು ಹೊರಗೆ ಬರುತ್ತದೆ. ಈ ವಾರ ಕಸೂತಿ ಚೌಕ ಜೋಡಿಸಿದ ಹೊದಿಕೆಯ ಬಾರ್ಡರ್ ಬಗ್ಗೆ ಬರೆಯುವೆನೆಂದಿದ್ದೆ. ಅದಕ್ಕೂ ಮೊದಲು ತೀರ್ಮಾನವಾಗಬೇಕಾದ ಮಾತೊಂದಿದೆ: ಕಸೂತಿಯ ಚೌಕಗಳ ನಡುನಡುವೆ ಕೂರುವ ಚೌಕ ಯಾವುದು?

ಪ್ರತಿ ಚೌಕದಲ್ಲೂ ಕಸೂತಿ ತುಂಬಬೇಕು, ಜಾಗ ಬಿಡುವುದು ಸೋಮಾರಿತನ ಎನ್ನುವವರಿದ್ದಾರೆ. ಕಂಪ್ಯೂಟರ್ ಎಂಬ್ರಾಯ್ಡರಿ ಬಂದ ಮೇಲೆ ಅವರ ಮಾತಿಗೆ ಬಲ ಬಂದಿದೆ. ನಾನು ಮಾತ್ರ ಒಪ್ಪಿದವಳಲ್ಲ. ತೇರು, ಆನೆ, ತುಳಸಿಕಟ್ಟೆ ಒತ್ತೊತ್ತಾಗಿ ಕೂತರೆ ಒಂದೂ ಕಣ್ಣಿಗೆ ನಿಲ್ಲುವುದಿಲ್ಲ. ಕಸೂತಿಯ ಗಾವಂತಿ, ಮುರಗಿ ಎಂದರೆ ಎಳೆ ಎಣಿಸಿ, ಗಂಟು ಹಾಕದೆ ಹೊಲಿಯುವ ಹೊಲಿಗೆ. ಅದರ ಪಕ್ಕಕ್ಕೆ ದೊಡ್ಡ ಹೂವಿನ ಪ್ರಿಂಟ್ ತಂದಿಟ್ಟರೆ ಎಣಿಸಿದ್ದೆಲ್ಲ ನೀರುಪಾಲು.

ನನ್ನ ಮತ ಒಂಬತ್ತು ಮನೆಯ ಚೌಕಕ್ಕೆ. 9 ಇಂಚಿನ ಚೌಕಕ್ಕೆ 3 ಇಂಚಿನ ಒಂಬತ್ತು ತುಂಡು. ಹೊಲಿಗೆಗೆ ಸುತ್ತ ಕಾಲಿಂಚು ಬೇಕಾದ್ದರಿಂದ ಕತ್ತರಿಸುವುದು ಮೂರೂವರೆಗೆ. ನಾಲ್ಕು ಮೂಲೆಗೂ ನಡುವಿಗೂ ಕಸೂತಿಯಲ್ಲಿ ಬಳಸಿದ ನೂಲುಗಳಲ್ಲೇ ಅತಿ ಗಾಢವಾದ ಬಣ್ಣ. ಉಳಿದ ನಾಲ್ಕಕ್ಕೆ ಕಸೂತಿಯ ನೆಲದ ಬಟ್ಟೆಯೇ. ಜೋಡಿಸಿ ನೋಡಿ: ಗಾಢ ತುಂಡುಗಳು ಮೂಲೆಗೆ ಮೂಲೆ ತಾಗಿ ಓರೆಯಾಗಿ ಸರಪಳಿ ಕಟ್ಟುತ್ತವೆ, ಪ್ರತಿ ಕಸೂತಿಯೂ ಒಂದೊಂದು ವಜ್ರಾಕಾರದೊಳಗೆ ಕೂರುತ್ತದೆ. ತಿಳಿ ತುಂಡುಗಳು ಕಸೂತಿಯ ನೆಲಕ್ಕೆ ಸೇರಿಕೊಳ್ಳುವುದರಿಂದ ಆನೆಗೆ ನಾಲ್ಕೂ ದಿಕ್ಕಿನಲ್ಲಿ ಇನ್ನೂ 3 ಇಂಚು ಜಾಗ ಸಿಕ್ಕಂತಾಗುತ್ತದೆ. ಸಾಲು ಬೆಸಸಂಖ್ಯೆಯಲ್ಲೇ ಇರಲಿ. ಅಡ್ಡ 5, ಉದ್ದ 7 ಆದರೆ ಕಸೂತಿ 18, ಒಂಬತ್ತು ಮನೆ 17. ನಾಲ್ಕು ಮೂಲೆಗೂ ಕಸೂತಿಯೇ ಬರುತ್ತದೆ. ಆರಕ್ಕೆ ಆರು ಇಟ್ಟರೆ ಎರಡು ಮೂಲೆಗೆ ಒಂದು, ಎರಡಕ್ಕೆ ಇನ್ನೊಂದು. ಎಂಥ ಬಾರ್ಡರ್ ಹಾಕಿದರೂ ಆ ಕೊರತೆ ಮುಚ್ಚುವುದಿಲ್ಲ. ಗಾಢ ಬಣ್ಣದ ಬಟ್ಟೆಯನ್ನು, ಕೆಂಪನ್ನಂತೂ, ತೊಳೆದು ಬಣ್ಣ ಬಿಡುವುದು ನಿಂತ ಮೇಲೆಯೇ ಕತ್ತರಿಸಿ.

ಇಷ್ಟು ಲೆಕ್ಕ ಹೇಳಿದ ನಾನೇ ಎಲ್ಲಕ್ಕಿಂತ ಮೆಚ್ಚುವ ಹೊದಿಕೆಯಲ್ಲಿ ಈ ಲೆಕ್ಕ ಯಾವುದೂ ಇಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಹೆಂಗಸರ ಕೌದಿ ಅದು. ಹಳೆ ಸೀರೆ ಹಾಸಿ, ಒಂದು ಮೂಲೆಯಿಂದ ಶುರು. ಕೈಗೆ ಸಿಕ್ಕ ಬಟ್ಟೆಯ ತುಂಡನ್ನು ಅಂಚು ಮಡಚಿ ಇಡುವುದು, ಓಡು ಹೊಲಿಗೆ ಹಾಕುವುದು, ಅದರ ಪಕ್ಕಕ್ಕೆ ಇನ್ನೊಂದು. ಹೀಗೆ ಅಂಚಿನ ಗುಂಟ ಸುತ್ತಿ ಸುತ್ತಿ ಹೊಲಿಗೆ ಒಳಗೊಳಗೆ ಬಂದು ನಡುವೆ ಮುಗಿಯುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ಪದರ ಪದರ ಮಡಚಿದ ಪುಟ್ಟ ತ್ರಿಕೋನದ ಹೂವು. ಅದಿಲ್ಲದ ಕೌದಿ ಅವರ ಕಣ್ಣಿಗೆ ಅಪೂರ್ಣ. ತುಂಡುಗಳು ಒಂದೊಂದು ಅಳತೆ, ಒಂದೊಂದು ಬಣ್ಣ. ಆದರೂ ಹೊದಿಕೆ ಚೆಲ್ಲಾಪಿಲ್ಲಿಯಾಗಿ ಕಾಣುವುದಿಲ್ಲ, ಏಕೆಂದರೆ ಹೊಲಿಗೆ ಒಂದೇ ಗತಿಯಲ್ಲಿ ಎಲ್ಲವನ್ನೂ ದಾಟಿಹೋಗುತ್ತದೆ.

ನಮ್ಮ ಚೌಕದ ಹೊದಿಕೆಗೆ ಬೇಕಾದದ್ದೂ ಈ ದಾಟುವ ಹೊಲಿಗೆಯೇ. ಪ್ರತಿ ಚೌಕದ ಸುತ್ತ ಬೇರೆ ಬೇರೆ ಹೊಲಿದು ನಿಲ್ಲಿಸಬೇಡಿ. ಅಂಚಿನಿಂದ ಒಳಮುಖವಾಗಿ ಸಾಲು ಹಿಡಿಯಿರಿ, ಒಂಬತ್ತು ಮನೆಯ ಮೇಲೆ ನೇರ ಸಾಗಿ. ಕಸೂತಿ ಎದುರಾದಾಗ ಮಾತ್ರ ಎಳೆಯ ಮೇಲೆ ಸೂಜಿ ಏರಿಸದೆ ಚಿತ್ತಾರದ ಅಂಚನ್ನು ಬಳಸಿ ಮುಂದೆ ಹೋಗಿ. ಬಾರ್ಡರ್ ಮುಂದಿನ ವಾರ.