ಇಕ್ಕಳ ಹಿಡಿದವರು, ಮಸಾಲೆ ಅರೆದವರು

ಬಕ್ರೀದ್ ಹಬ್ಬದ ಎರಡನೆಯ ದಿನ ಸಂಜೆಯಾಗುತ್ತಿದ್ದಂತೆ ನಮ್ಮ ಊರುಗಳ ಮೊಹಲ್ಲಾಗಳಲ್ಲಿ ತಾರಸಿಗಳ ಮೇಲಿಂದ ಹೊಗೆ ಏಳತೊಡಗುತ್ತದೆ. ಒಂದು ಮನೆಯಲ್ಲಿ ಹಳೆಯ ಸಿಗಡಿ, ಇನ್ನೊಂದರಲ್ಲಿ ಎರಡು ಸಾಲು ಇಟ್ಟಿಗೆ, ಅನುಕೂಲಸ್ಥರ ಮನೆಯಲ್ಲಿ ಕಾಲುಳ್ಳ ತಗಡಿನ ಪೆಟ್ಟಿಗೆ. ಕೆಂಡದ ಮೇಲೆ ಸೀಖುಗಳು. ಸುತ್ತ ಅಣ್ಣತಮ್ಮಂದಿರು, ಭಾವಮೈದುನರು, ಗೆಳೆಯರು. ಒಬ್ಬನ ಕೈಯಲ್ಲಿ ಬೀಸಣಿಗೆ, ಇನ್ನೊಬ್ಬನ ಕೈಯಲ್ಲಿ ಇಕ್ಕಳ, ಮೂರನೆಯವನ ಕೈಯಲ್ಲಿ ಮೊಬೈಲು. ಇದನ್ನು ನಮ್ಮ ಹಿರಿಯರು ಬರೀ ಕಬಾಬ್ ಸುಡುವುದು ಎನ್ನುತ್ತಿದ್ದರು. ಈಗ ಬಾರ್ಬೆಕ್ಯೂ ಎಂಬ ಹೆಸರು ಬಂದಿದೆ. ಹೆಸರಿನ ಜೊತೆಗೇ ಒಂದು ಕಥನವೂ ಬಂದಿದೆ: ಇದು ಹೊಸದು, ಇದು ಬಿಡುವಿನ ವಿನೋದ, ಇದು ಗಂಡಸಿನ ಕಲೆ. ಈ ಕಥನವನ್ನು ತುಸು ಹತ್ತಿರದಿಂದ ನೋಡಬೇಕೆಂದು ನಮಗನ್ನಿಸುತ್ತದೆ.

ಹೊಸದು ಎಂಬ ಮಾತನ್ನು ಬೇಗ ಮುಗಿಸಿಬಿಡಬಹುದು. ಆ ಶಬ್ದ ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳದು. ಸ್ಪೇನಿನವರ ಬಾಯಿಗೆ ಬಿದ್ದು ಇಂಗ್ಲಿಷಿಗೆ ಬಂತು. ಇಂದು ಅಂಗಡಿಯಲ್ಲಿ ಸಿಗುವ ಮುಚ್ಚಳವಿರುವ ಗುಂಡು ಒಲೆಯನ್ನು 1952ರಲ್ಲಿ ರೂಪಿಸಿದವರು ಅಮೆರಿಕದ ಶಿಕಾಗೋ ಕಡೆಯ ಜಾರ್ಜ್ ಸ್ಟೀಫನ್. ನೀರಿನಲ್ಲಿ ತೇಲಿಬಿಡುವ ಲೋಹದ ಬುರುಡೆಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಅವರು ಕೆಲಸ ಮಾಡುತ್ತಿದ್ದರು. ಅಂಥ ಬುರುಡೆಯನ್ನೇ ಅಡ್ಡಲಾಗಿ ಸೀಳಿ ಒಲೆ ಮಾಡಿದರು. ಜಾಣ್ಮೆಯ ಕೆಲಸವೇ ಸರಿ. ಆದರೆ ಬಂಧುಬಳಗವನ್ನು ಕರೆದು ಕೆಂಡದ ಸುತ್ತ ಕೂರುವುದನ್ನು ಉತ್ತರ ಕರ್ನಾಟಕದ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಚಳಿಗಾಲದಲ್ಲಿ ಎಳೆಯ ಜೋಳದ ತೆನೆಯನ್ನು ಹೊಲದಲ್ಲೇ ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಬಿಸಿಬಿಸಿಯಾಗಿ ಕೈಯಲ್ಲಿ ತಿಕ್ಕಿ, ಕಾಳು ಬಿಡಿಸಿ, ಚಟ್ನಿಪುಡಿಯೊಂದಿಗೆ ತಿನ್ನುವ ಸೀತನಿಗೆ ಊರಿನ ಗೆಳೆಯರೆಲ್ಲ ಬರುತ್ತಾರೆ. ಮಾಂಸದ ವಾಸನೆಗೇ ಮೂಗು ಮುಚ್ಚುವ ಮನೆಗಳಲ್ಲೂ ಸುಟ್ಟ ಬದನೆಕಾಯಿ ಗೊಜ್ಜು ಆಗುತ್ತದೆ. ಸುಡುವ ರುಚಿ ಈ ನೆಲದಲ್ಲಿ ಯಾವ ಒಂದು ಜಾತಿಯ ಸೊತ್ತೂ ಅಲ್ಲ.

ಗಂಡಸಿನ ಕಲೆ ಎಂಬ ಮಾತು ಹೆಚ್ಚು ತೊಡಕಿನದು. ಇದಕ್ಕೊಂದು ಶಾಸ್ತ್ರವನ್ನೂ ಕಟ್ಟಿದವರಿದ್ದಾರೆ. ಫ್ರೆಂಚ್ ಮಾನವಶಾಸ್ತ್ರಜ್ಞ ಕ್ಲಾಡ್ ಲೆವಿಸ್ಟ್ರಾಸ್ 1965ರಲ್ಲಿ ಬರೆದ 'ಪಾಕ ತ್ರಿಕೋನ' ಎಂಬ ಪ್ರಬಂಧದಲ್ಲಿ ಸುಡುವುದನ್ನೂ ಬೇಯಿಸುವುದನ್ನೂ ಎದುರುಬದುರು ನಿಲ್ಲಿಸುತ್ತಾರೆ. ಬೇಯಿಸಲು ನೀರು ಬೇಕು, ಪಾತ್ರೆ ಬೇಕು. ಅದು ಒಳಗಿನ ಅಡುಗೆ, ಮನೆಯವರ ಅಡುಗೆ. ಸುಡುವಾಗ ಮಾಂಸಕ್ಕೂ ಬೆಂಕಿಗೂ ನಡುವೆ ಏನೂ ಇಲ್ಲ. ಅದು ಹೊರಗಿನ ಅಡುಗೆ, ಅತಿಥಿಗಾಗಿ ಮಾಡುವುದು. ಬೇಯಿಸಿದರೆ ಮಾಂಸದ ರಸ ಪಾತ್ರೆಯಲ್ಲೇ ಉಳಿಯುತ್ತದೆ. ಸುಟ್ಟರೆ ಒಂದಿಷ್ಟು ಬೆಂಕಿಗೆ ಹೋಗುತ್ತದೆ. ಹಾಗಾಗಿ ಮೊದಲನೆಯದು ಮಿತವ್ಯಯ, ಎರಡನೆಯದು ಧಾರಾಳತನ. ಮೊದಲನೆಯದು ಸಾಮಾನ್ಯರದು, ಎರಡನೆಯದು ಸಿರಿವಂತರದು.

ಈ ಕೊನೆಯ ಮಾತು ಎಷ್ಟು ನಿಜವೆಂಬುದು ಬಡ ಮುಸ್ಲಿಂ ಮನೆಯ ಅಡುಗೆಮನೆಯನ್ನು ಕಂಡವರಿಗೆ ಗೊತ್ತು. ಅರ್ಧ ಕೆ.ಜಿ. ಮಾಂಸಕ್ಕೆ ಎಲುಬು ಸೇರಿಸಿ, ಬೇಳೆ ಹಾಕಿ, ಸೋರೆಕಾಯಿ ಹಾಕಿ ದಾಲ್ಚಾ ಮಾಡಿದರೆ ಹತ್ತು ಮಂದಿಗೆ ಸಾಲುತ್ತದೆ. ಅದನ್ನೇ ಕೆಂಡದ ಮೇಲಿಟ್ಟರೆ ಕುಗ್ಗಿ ಮೂವರಿಗೂ ಸಾಲದು. ವರ್ಷದ ಉಳಿದ ದಿನಗಳಲ್ಲಿ ಆ ಮನೆಗಳಲ್ಲಿ ಸೀಖು ಮೂಲೆಯಲ್ಲಿ ತುಕ್ಕು ಹಿಡಿಯುವುದಕ್ಕೆ ಕಾರಣ ಬೇರೇನೂ ಅಲ್ಲ.

ಆದರೆ ಮಾಂಸಕ್ಕೂ ಬೆಂಕಿಗೂ ನಡುವೆ ಏನೂ ಇಲ್ಲವೆಂಬ ಮಾತನ್ನು ನಾವು ಒಪ್ಪಲಾರೆವು. ನಡುವೆ ಒಬ್ಬ ಹೆಂಗಸಿದ್ದಾಳೆ. ಹಬ್ಬದ ದಿನವೇ ಮಾಂಸವನ್ನು ಸುಡಲು ಕೂತರೆ ಅದು ಗಟ್ಟಿಯಾಗಿ ಜಗ್ಗುತ್ತದೆ. ಅಂದು ಕಲೇಜಿ ಆಗಲಿ, ಕಬಾಬ್ ನಾಳೆಗಿರಲಿ ಎಂದು ತೀರ್ಮಾನಿಸುವವಳು ಅವಳು. ಖೀಮಾದ ನೀರು ಹಿಂಡುವವಳು, ಸ್ವಲ್ಪ ಕೊಬ್ಬು ಇರಲೇಬೇಕೆಂದು ಹಟ ಹಿಡಿಯುವವಳು ಅವಳು. ಹಸಿ ಪಪ್ಪಾಯಿಯನ್ನು ಸಿಪ್ಪೆ ಸಮೇತ ಅರೆಯಬೇಕು. ಕಡಿಮೆಯಾದರೆ ಮಾಂಸ ಮೆತ್ತಗಾಗದು, ಹೆಚ್ಚು ಹೊತ್ತು ಬಿಟ್ಟರೆ ಹಿಟ್ಟಾಗಿಬಿಡುತ್ತದೆ. ಎಷ್ಟು ಹೊತ್ತು ಎಂಬುದಕ್ಕೆ ಅವಳ ಬೆರಳೇ ಗಡಿಯಾರ. ಹುರಿಗಡಲೆಯ ಪುಡಿ ಬೆರೆಸಿ, ಉಪ್ಪು ಹಾಕಿ, ಅಂಗೈಗೆ ಅಂಟುವವರೆಗೆ ನಾದಬೇಕು. ಒದ್ದೆ ಕೈಯಿಂದ ಸೀಖಿಗೆ ಒತ್ತಬೇಕು. ಖೀಮಾ ಜಾರಿ ಕೆಂಡಕ್ಕೆ ಬಿದ್ದರೆ ಬೈಗುಳ ಕೆಳಗಿನ ಅಡುಗೆಮನೆಗೆ. ಜಾರದೆ ನಿಂತರೆ ಶಹಭಾಸ್‌ಗಿರಿ ಮೇಲಿನ ಇಕ್ಕಳದವನಿಗೆ. ನಡುನಡುವೆ ತಾರಸಿಯಿಂದ ಕೂಗು: ಭಾಭೀ, ಔರ್ ಸೀಖಾಂ ಭೇಜೋ! ಭಾಭಿ ಕಳಿಸುತ್ತಾಳೆ. ರೊಟ್ಟಿ, ಹೆಚ್ಚಿದ ಈರುಳ್ಳಿ, ಪುದೀನಾ ಚಟ್ನಿಯನ್ನೂ ಕಳಿಸುತ್ತಾಳೆ. ಅವಳ ಪಾಲಿನ ಕಬಾಬ್ ಕೆಳಗೆ ಬರುವ ಹೊತ್ತಿಗೆ ಆರಿರುತ್ತದೆ. ಕೆಂಡದ ಅಡುಗೆಯ ಜೀವವಿರುವುದೇ ಬಿಸಿಯಲ್ಲಿ ಎಂದು ಬೇರೆ ಹೇಳಬೇಕೆ?

ಬೆಂಕಿಯ ಮುಂದಿನವನ ಕೆಲಸ ಸುಳ್ಳಲ್ಲ. ಜ್ವಾಲೆ ಇಳಿದು ಇದ್ದಿಲಿನ ಮೇಲೆ ಬೂದಿಯ ಪೊರೆ ಕೂರುವ ತನಕ ಕಾಯಬೇಕು. ಕೊಬ್ಬು ತೊಟ್ಟಿಕ್ಕಿ ಬೆಂಕಿ ಭುಗಿಲೆದ್ದಾಗ ಸೀಖನ್ನು ಪಕ್ಕಕ್ಕೆ ಸರಿಸಬೇಕು. ಕಣ್ಣಿಗೆ ಹೊಗೆ ನುಗ್ಗಿದರೂ ನಿಲ್ಲಬೇಕು. ಇದೂ ವಿದ್ಯೆಯೇ. ನಮ್ಮ ತಕರಾರು ಇರುವುದು ಇದನ್ನೇ ಪೂರ್ತಿ ವಿದ್ಯೆಯೆಂದು ತೋರಿಸುವ ಜಾಹೀರಾತುಗಳ ಬಗ್ಗೆ, ಅಡುಗೆಯ ವೀಡಿಯೋಗಳ ಬಗ್ಗೆ. ಅವುಗಳಲ್ಲಿ ಹಲವು ಶುರುವಾಗುವುದೇ ಮಸಾಲೆ ಹಚ್ಚಿ ಸಿದ್ಧವಾದ ಮಾಂಸದಿಂದ. ಅದು ಆಕಾಶದಿಂದ ಇಳಿದಂತೆ ತಟ್ಟೆಯಲ್ಲಿರುತ್ತದೆ.

ಇಕ್ಕಳದ ಮಾತು ಬಂದಾಗ ಉರ್ದು ಶಾಲೆಯಲ್ಲಿ ಕಲಿತ ನಮ್ಮಂಥವರಿಗೆ ಪ್ರೇಮಚಂದರ 'ಈದ್‌ಗಾಹ್' ನೆನಪಾಗದೆ ಇರದು. 1930ರ ದಶಕದ ಕಥೆ. ತಂದೆತಾಯಿ ಇಲ್ಲದ ಪುಟ್ಟ ಹಮೀದ್ ಮೂರು ಪೈಸೆ ಹಿಡಿದು ಈದ್ ಜಾತ್ರೆಗೆ ಹೋಗುತ್ತಾನೆ. ಜೊತೆಯ ಹುಡುಗರು ಮಿಠಾಯಿ ತಿನ್ನುತ್ತಾರೆ, ಮಣ್ಣಿನ ಸಿಪಾಯಿ, ಭಿಸ್ತಿ, ವಕೀಲರನ್ನು ಕೊಳ್ಳುತ್ತಾರೆ. ಇವನು ಅಜ್ಜಿ ಅಮೀನಾಳಿಗೆ ಕಬ್ಬಿಣದ ಇಕ್ಕಳ ತರುತ್ತಾನೆ. ತವೆಯಿಂದ ರೊಟ್ಟಿ ತೆಗೆಯುವಾಗ ಅವಳ ಬೆರಳು ಸುಡುತ್ತದಲ್ಲ, ಅದಕ್ಕೆ. ಪಾಠ ಮಾಡುವವರು ಇದನ್ನು ಬಾಲಕನ ತ್ಯಾಗದ ಕಥೆಯೆಂದು ಹೇಳಿ ಮುಗಿಸುವುದುಂಟು. ತ್ಯಾಗಕ್ಕಿಂತ ಮೊದಲು ಆ ಮಗು ಮಾಡಿದ ಕೆಲಸ ಇನ್ನೊಂದಿದೆ: ಅದು ನೋಡಿದೆ. ಹಬ್ಬದ ಅಡುಗೆಯನ್ನಲ್ಲ, ದಿನದಿನದ ಅಡುಗೆಯನ್ನು ಮಾಡುವ ಕೈಯನ್ನು, ಆ ಕೈಯ ಸುಟ್ಟ ಬೆರಳನ್ನು. ಪ್ರೇಮಚಂದರ ಹಿರಿಮೆ ನಮಗೆ ಕಾಣುವುದು ಈ ನೋಟದಲ್ಲಿ. ಜೊತೆಗೆ ಅವರ ಮಿತಿಯನ್ನೂ ಹೇಳಬೇಕು. ಇಕ್ಕಳ ಕೊನೆಗೆ ಅಜ್ಜಿಯ ಕೈಗೇ ಸೇರುತ್ತದೆ. ಬೆರಳು ಸುಡುವುದಿಲ್ಲ, ಆದರೆ ಒಲೆಯ ಮುಂದಿನ ಜಾಗ ಬದಲಾಗುವುದಿಲ್ಲ. ಇಂದಿನ ತಾರಸಿಯಲ್ಲಿ ಇಕ್ಕಳ ಗಂಡಸಿನ ಕೈಗೆ ಬಂದಿದೆ ನಿಜ, ವರ್ಷಕ್ಕೆ ಒಂದೆರಡು ಸಂಜೆ. ಮರುದಿನ ಬೆಳಿಗ್ಗೆ ಅದನ್ನು ತಿಕ್ಕಿ ತೊಳೆಯುವ ಕೈ ಯಾವುದು?

ಅಡುಗೆ ಗಂಡಸರಿಗೆ ಬಾರದೆಂದು ಯಾರೂ ಹೇಳುವಂತಿಲ್ಲ. ಕರಾವಳಿಯಿಂದ ಕೊಲ್ಲಿಗೆ ಹೋದ ಬ್ಯಾರಿ, ನವಾಯತ ಹುಡುಗರಲ್ಲಿ ಎಷ್ಟೋ ಮಂದಿ ಬಾಡಿಗೆ ಕೋಣೆಗಳಲ್ಲಿ ಸರದಿಯ ಮೇಲೆ ಅನ್ನ ಬೇಯಿಸಿ ವರ್ಷಗಳನ್ನು ಕಳೆದವರು. ರಜೆಯ ದಿನ ದುಬೈಯ ಮಮ್ಜಾರ್ ಉದ್ಯಾನದಂಥ ಕಡೆ ಕಬಾಬ್ ಸುಡಲೆಂದೇ ಬಿಟ್ಟ ಜಾಗಗಳಲ್ಲಿ ಊರವರೆಲ್ಲ ಸೇರುವುದು ಅವರಿಗೆ ತವರಿನ ಬದಲಿ. ಮಂಗಳೂರು, ಭಟ್ಕಳದ ಹೋಟೆಲುಗಳ ಅಲ್‌ಫಹಮ್ ಕೋಳಿ ಬಂದದ್ದು ಆ ದಾರಿಯಲ್ಲೇ. ಅರಬಿಯಲ್ಲಿ ಫಹಮ್ ಎಂದರೆ ಇದ್ದಿಲು. ಅಲ್ಲಿ ಮಸಾಲೆ ಅರೆದ, ಪಾತ್ರೆ ತೊಳೆದ ಕೈಗಳಿಗೆ ಇಲ್ಲಿಗೆ ಬಂದೊಡನೆ ಅಡುಗೆಮನೆಯ ದಾರಿ ಮರೆತುಹೋಗುತ್ತದೆ. ಕಲಿಯಲಾರದ್ದೇನೂ ಅಲ್ಲ, ಕಲಿತದ್ದನ್ನು ಬಚ್ಚಿಡುವುದು.

ಇನ್ನು ಆ ವಾಸನೆಯ ವಿಷಯ. ಸಾಲನ್ನನ್ನು ಮುಚ್ಚಳದಡಿ ಬೇಯಿಸಿ ಕಿಟಕಿ ಹಾಕಿಕೊಳ್ಳಬಹುದು. ಕಬಾಬನ್ನು ಹಾಗೆ ಬಚ್ಚಿಡಲಾಗದು. ಮಾಂಸ ತಿನ್ನುವವರಿಗೆ ಮನೆ ಕೊಡುವುದಿಲ್ಲ ಎಂಬ ಮಾತನ್ನು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಅನೇಕರು ಕೇಳಿದ್ದಾರೆ. ಮುಸ್ಲಿಮರು ಮಾತ್ರವಲ್ಲ, ದಲಿತರು, ಕ್ರೈಸ್ತರು ಕೂಡ. ಅಂಥವರಿಗೆ ತಾರಸಿಯ ಸಿಗಡಿ ಒಂದು ಧೈರ್ಯದ ಪ್ರಶ್ನೆ. ಲೆವಿಸ್ಟ್ರಾಸ್ ಹೇಳಿದ 'ಹೊರಗಿನ ಅಡುಗೆ' ಹೊರಗೆ ಬರಲು ಜಾಗವೇ ಇಲ್ಲದಿದ್ದರೆ ಅತಿಥಿ ಎಲ್ಲಿಂದ ಬರಬೇಕು? ಹಾಗೆಂದು ಪಕ್ಕದ ಮನೆಯ ಉಬ್ಬಸದ ಮುದುಕರ ಕೋಣೆಗೆ ಹೊಗೆ ತುಂಬುವುದು ಹಕ್ಕಿನ ಮಾತಾಗಲಾರದು. ನೆರೆಯವರ ಹಕ್ಕಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಮ್ಮ ಜನರಿಗೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡುವಷ್ಟು ವ್ಯವಧಾನ ಇರಬೇಕಲ್ಲವೇ? ನಮಗೆ ಗೊತ್ತಿರುವ ಕೆಲವು ಮನೆಗಳಲ್ಲಿ ಸಂಜೆಗೆ ಮುಂಚೆಯೇ ಪಕ್ಕದವರಿಗೆ ತಿಳಿಸುತ್ತಾರೆ. ಮಾಂಸ ಮುಟ್ಟಿಸದ ಬೇರೆ ಜಾಲರಿಯನ್ನೇ ಇಟ್ಟು ಅದರ ಮೇಲೆ ಮುಸುಕಿನ ಜೋಳ, ಗೆಣಸು ಸುಡುತ್ತಾರೆ. ಪಕ್ಕದ ಮನೆಯ ಮಕ್ಕಳು ಗೋಡೆ ಹಾರಿಯೇ ಬರುತ್ತಾರೆ.

ಈ ಸಡಗರದಲ್ಲಿ ಕೇಳದೆ ಬಿಡುವ ಪ್ರಶ್ನೆಯೊಂದಿದೆ. ಕುರ್ಬಾನಿಯ ಮಾಂಸವನ್ನು ಮೂರು ಪಾಲು ಮಾಡಿ ಒಂದು ಮನೆಗೆ, ಒಂದು ಬಂಧುಮಿತ್ರರಿಗೆ, ಒಂದು ಬಡವರಿಗೆ ಕೊಡುವುದು ನಮ್ಮಲ್ಲಿ ನಡೆದುಬಂದ ರೂಢಿ. ಫ್ರಿಜ್ ಇಲ್ಲದ ಕಾಲದಲ್ಲಿ ಹಂಚದೆ ವಿಧಿಯಿರಲಿಲ್ಲ, ಇಟ್ಟರೆ ಕೆಡುತ್ತಿತ್ತು. ಈಗ ತಿಂಗಳುಗಟ್ಟಲೆ ಇಡಬಹುದು. ತಾರಸಿಯ ಮೇಲೆ ಗೆಳೆಯರಿಗೆ ಸುಡುವುದು ಎರಡನೆಯ ಪಾಲಿನದೋ ಮೂರನೆಯದೋ? ಬಡವರಿಗೆಂದು ಕಟ್ಟುವ ಪೊಟ್ಟಣದಲ್ಲಿ ಎಲುಬು, ಚರ್ಬಿಗಳೇ ಹೆಚ್ಚಾಗಿ, ಸೀಖಿಗೆ ಒಪ್ಪುವ ಮೆತ್ತನೆಯ ತುಂಡುಗಳೆಲ್ಲ ಮನೆಯಲ್ಲೇ ಉಳಿದರೆ ತೂಕ ಸರಿಯಿದ್ದೂ ಪಾಲು ಸರಿಯಾಗುವುದಿಲ್ಲ. ಅದನ್ನು ಹಂಚುವ ಹೊತ್ತಿಗೆ ಕತ್ತಿ ಹಿಡಿದವರು ಗಂಡಸರು, ಪೊಟ್ಟಣ ಕಟ್ಟುವವರು ಹೆಂಗಸರು. ಬಾಗಿಲಲ್ಲಿ ನಿಂತ ಹೆಂಗಸಿನ ಚೀಲದೊಳಗೆ ನಾಲ್ಕು ಒಳ್ಳೆಯ ತುಂಡುಗಳನ್ನು ಯಾರಿಗೂ ಕಾಣದಂತೆ ತುರುಕುವವರೂ ಅವರೇ.