ರಾಡಿನ ಮೇಲೆ ಯಾಕೆ ಗೂಬೆ?

ಸಂತಪುರದ ಮನೆಯೊಂದರಲ್ಲಿ ಓಟಿಜಿ ಓವನ್ ಕೆಟ್ಟಿತೆನ್ನಿ. ಅದನ್ನು ಬೈಕಿನ ಹಿಂದಿನ ಸೀಟಿಗೆ ಕಟ್ಟಿಕೊಂಡು ಔರಾದ್‌ಗೋ ಬೀದರ್‌ಗೋ ಒಯ್ಯಬೇಕು. ಬಿಡಿಭಾಗ ಅಲ್ಲೂ ಸಿಗದಿದ್ದರೆ ಹೈದರಾಬಾದ್; ಬೀದರ್‌ನಿಂದ ಸುಮಾರು 140 ಕಿಲೋಮೀಟರ್. ಇಷ್ಟೆಲ್ಲ ಹೊತ್ತು ಅಂಗಡಿಯ ಟೇಬಲ್ ಮೇಲೆ ಇಟ್ಟರೆ, ಮುಚ್ಚಳ ಬಿಚ್ಚುವ ಮೊದಲೇ ತೀರ್ಪು ಬಂದುಬಿಡುತ್ತದೆ: “ರಾಡ್ ಹೋಗ್ಯಾದ್ರಿ ಅಕ್ಕಾ, ಹೊಸದು ಹಾಕ್ಬೇಕು.”

ರಾಡ್ ಹೋಗಿರಲೂಬಹುದು. ಆದರೆ ಓವನ್ನಿನ ಒಳಗಿರುವ ಸಾಮಾನುಗಳಲ್ಲಿ ಅದರಷ್ಟು ಗಟ್ಟಿ ಜೀವ ಇನ್ನೊಂದಿಲ್ಲ. ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದ ನಿಕ್ಕಲ್–ಕ್ರೋಮಿಯಂ ಮಿಶ್ರಲೋಹವೇ ಇಂದಿಗೂ ಅದರ ಹೊಟ್ಟೆಯಲ್ಲಿರುವ ತಂತಿ. ಕರಗಬೇಕಾದರೆ ಅದಕ್ಕೆ ಸುಮಾರು 1400 ಡಿಗ್ರಿ ಬೇಕು. ಓಟಿಜಿಯ ಗುಂಡಿ 250ಕ್ಕೇ ನಿಲ್ಲುತ್ತದೆ. ಅದಕ್ಕೇ ರಾಡಿನ ಮೇಲೆ ಗೂಬೆ ಕೂರಿಸುವ ಮೊದಲು ಅದಕ್ಕೆ ಕರೆಂಟ್ ತಂದುಕೊಡುವ ದಾರಿಯನ್ನು ಗೋಡೆಯಿಂದ ಒಳಗಿನವರೆಗೆ ಒಮ್ಮೆ ನೋಡಿಕೊಂಡು ಬರಬೇಕು.

ದೀಪಾವಳಿಗೋ ರಂಜಾನ್‌ಗೋ ಮೈದಾ, ಸಕ್ಕರೆ, ಡಾಲ್ಡಾ ಒಯ್ದುಕೊಟ್ಟು ಬೇಕರಿ ಭಟ್ಟಿಯಲ್ಲಿ ನಾನ್‌ಖಟಾಯಿ ಮಾಡಿಸಿ ಡಬ್ಬಿ ತುಂಬಿಸಿಕೊಂಡು ಬರುವುದು ಈ ಕಡೆಯ ಹಳೆಯ ರೂಢಿ. ಆ ಕೆಲಸ ಮನೆಯ ಓಟಿಜಿಗೆ ಬಂದ ಮೇಲೆ ಒಂದು ಅನುಕೂಲವಾಗಿದೆ. ಟ್ರೇ ಹೊರಗೆಳೆದಾಗಲೇ ಅರ್ಧ ಪತ್ತೇದಾರಿ ಮುಗಿದಿರುತ್ತದೆ. ತಳ ಕರಿಕಾಗಿ ಮೇಲ್ಭಾಗ ಬೆಳ್ಳಗೇ ಉಳಿದಿದ್ದರೆ ಮೇಲಿನ ರಾಡಿನ ಸಾಲು ಕೆಲಸ ಮಾಡುತ್ತಿಲ್ಲ. ಮೇಲೆ ಕೆಂಪಾಗಿ ತಳ ಹಸಿಯಿದ್ದರೆ ಕೆಳಗಿನದು. (ಸೆಲೆಕ್ಟರ್ ಗುಂಡಿ ‘ಮೇಲಿನದು ಮಾತ್ರ’ ಅಥವಾ ‘ಕೆಳಗಿನದು ಮಾತ್ರ’ ಎಂಬಲ್ಲಿ ಇಲ್ಲವಷ್ಟೇ? ಮಕ್ಕಳಿರುವ ಮನೆಯಲ್ಲಿ ಇದೊಂದು ನಿತ್ಯದ ‘ದೋಷ’.) ಎಲ್ಲವೂ ಸುಟ್ಟು ಕರಿಯಾಗಿದ್ದರೆ ಥರ್ಮೋಸ್ಟಾಟ್ ಕರೆಂಟ್ ಕಡಿಯುವುದನ್ನೇ ಬಿಟ್ಟಿದೆ. ಇಪ್ಪತ್ತು ನಿಮಿಷದಲ್ಲಿ ಆಗಬೇಕಾದದ್ದು ಮುಕ್ಕಾಲು ಗಂಟೆಯಾದರೂ ಮೇಲೆ ಕೆಳಗೆ ಒಂದೇ ಸಮ ಬೆಳ್ಳಗಿದ್ದರೆ ಓವನ್ನನ್ನು ಬಿಟ್ಟು ಗೋಡೆಯ ಕಡೆ ತಿರುಗಬೇಕು.

ವೋಲ್ಟೇಜಿನ ಲೆಕ್ಕ ಹೆಚ್ಚಿನವರು ಅಂದುಕೊಂಡಷ್ಟು ಸಾಧುವಲ್ಲ. ವೋಲ್ಟ್ ಇಳಿದ ಪ್ರಮಾಣದಲ್ಲೇ ಶಾಖವೂ ಇಳಿದಿದ್ದರೆ ಅಡ್ಡಿಯಿರಲಿಲ್ಲ. ಅದು ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230ರ ಬದಲು 180 ವೋಲ್ಟ್ ಬಂದರೆ 1500 ವ್ಯಾಟಿನ ಓವನ್ ಕೊಡುವುದು 920 ವ್ಯಾಟ್‌ನಷ್ಟೇ. ಮನೆಗೆ ಬರುವ ಕರೆಂಟ್ 230 ವೋಲ್ಟಿನಿಂದ ಶೇ 6ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು ಎನ್ನುವುದು ನಿಯಮ, ಅಂದರೆ 216ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ಟಿನ ಲೈನು ಬೇರೆ, ಮನೆಗಳ ಲೈನು ಬೇರೆ ಆದ ಮೇಲೆ ಹಳ್ಳಿಗಳಿಗೆ ಅನುಕೂಲವಾಯಿತು. ಆದರೂ ಟ್ರಾನ್ಸ್‌ಫಾರ್ಮರಿನಿಂದ ದೂರದ ಕೊನೆಯ ಮನೆಗೆ ಸಂಜೆ ಹೊತ್ತು ಎಷ್ಟು ಬರುತ್ತಿದೆ ಎಂದು ಮೀಟರ್ ಹಿಡಿದು ನೋಡಿಯೇ ಹೇಳಬೇಕು. ಅದೂ ಓವನ್ ಉರಿಯುತ್ತಿರುವಾಗ. ಪಕ್ಕದ ಪ್ಲಗ್ಗಿನಲ್ಲಿ ನೋಡಿದ ವೋಲ್ಟೇಜು ತೀರಾ ಕಡಿಮೆಯಿದ್ದರೆ ಅದು ಮಿಸ್ತ್ರಿಯ ಕೆಲಸವಲ್ಲ, ಕರೆಂಟ್ ಕಂಪನಿ ಜೆಸ್ಕಾಂಗೆ 1912 ಸಹಾಯವಾಣಿಯಲ್ಲಿ ಹೇಳಬೇಕಾದ ದೂರು.

ಓವನ್ ಪೂರ್ತಿ ಸತ್ತಂತೆ ಬಿದ್ದಿದ್ದರೆ? ಮೊದಲು ಟೈಮರ್ ತಿರುಗಿಸಿ. ಓಟಿಜಿಯಲ್ಲಿ ಟೈಮರೇ ಮುಖ್ಯ ಸ್ವಿಚ್ಚು. ಅದು ಸೊನ್ನೆಯಲ್ಲಿದ್ದರೆ ಉಳಿದ ಗುಂಡಿಗಳನ್ನು ಎಷ್ಟು ತಿರುವಿದರೂ ಉಪಯೋಗವಿಲ್ಲ. ಆಮೇಲೆ ಪ್ಲಗ್ಗು. ಅದೇ ಜಾಗದಲ್ಲಿ ಮೊಬೈಲ್ ಚಾರ್ಜ್ ಆಗುತ್ತಿದೆ ಎನ್ನುವುದು ಸಾಕ್ಷಿಯಲ್ಲ. ಸಡಿಲವಾದ ಪಿನ್ನು ಚಾರ್ಜರಿಗೆ ಬೇಕಾದ ಚೂರು ಕರೆಂಟನ್ನು ಸಲೀಸಾಗಿ ಬಿಡುತ್ತದೆ, ಓವನ್ ಎಳೆಯುವ ಆರೂವರೆ ಆಂಪಿಯರ್ ಬಂದಾಗ ಕೈಕೊಡುತ್ತದೆ. ಇಸ್ತ್ರಿ ಪೆಟ್ಟಿಗೆ ಹಚ್ಚಿ ನೋಡುವುದು ಸರಿಯಾದ ಪರೀಕ್ಷೆ. ಓವನ್ನಿಗೆ 16 ಆಂಪಿಯರಿನ ಪವರ್ ಪ್ಲಗ್ಗೇ ಬೇಕು. ಕನ್ವರ್ಟರ್ ಸಿಕ್ಕಿಸಿ ಸಣ್ಣ ಪ್ಲಗ್ಗಿಗೆ ಹಚ್ಚಿದ ಮನೆಗಳಲ್ಲಿ ಸಾಕೆಟ್ಟಿನ ಸುತ್ತ ಕಂದು ಬಣ್ಣದ ಕಲೆ ಎದ್ದಿರುತ್ತದೆ. ಕೆಟ್ಟದ್ದು ಯಾವುದು ಎಂದು ಅದೇ ತೋರಿಸಿಕೊಡುತ್ತದೆ.

ಇನ್ನು ಬಿಚ್ಚುವ ಕೆಲಸ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಬೇಕು. ಹೊರಗಿನ ತಗಡು ತೆಗೆದರೆ ಗುಂಡಿಗಳ ಹಿಂಬದಿ ಕಾಣುತ್ತದೆ. ಅಲ್ಲಿಂದ ಹೊರಟ ವೈರುಗಳು ರಾಡಿನ ತುದಿ ಸೇರುವಲ್ಲಿ ಚಪ್ಪಟೆ ಲಗ್ಗುಗಳಿರುತ್ತವೆ. ಟಾರ್ಚ್ ಬಿಟ್ಟು ಒಂದೊಂದನ್ನೇ ನೋಡಿದರೆ, ಬೆಳ್ಳಗೆ ಹೊಳೆಯುವ ಲಗ್ಗುಗಳ ನಡುವೆ ಒಂದು ಮಾತ್ರ ನೀಲಿ–ಕಪ್ಪು ತಿರುಗಿರುತ್ತದೆ, ಮುಟ್ಟಿದರೆ ಅಲುಗಾಡುತ್ತದೆ, ಅದರ ಪಕ್ಕದ ವೈರಿನ ಹೊದಿಕೆ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಸಡಿಲವಾಗಿದ್ದುದರಿಂದ ಕಾದಿತು, ಕಾದದ್ದರಿಂದ ಇನ್ನಷ್ಟು ಸಡಿಲವಾಯಿತು. ರಾಡ್ ಹೋಗಿದೆ ಎಂದು ಹಣೆಪಟ್ಟಿ ಹಚ್ಚಿಸಿಕೊಂಡ ಓವನ್ನಿನ ಅಸಲಿ ಕಾಯಿಲೆ ಎಷ್ಟೋ ಸಲ ಇಷ್ಟೇ.

ಇಲ್ಲಿ ಮಾಡುವ ಅರೆಬರೆ ರಿಪೇರಿಯೇ ಮುಂದಿನ ಕಾಟಕ್ಕೆ ಬೀಜ. ಲಗ್ಗಿಗೆ ಬೆಸುಗೆ ಹಾಕುವವರಿದ್ದಾರೆ. ತವರ–ಸೀಸದ ಬೆಸುಗೆ 183 ಡಿಗ್ರಿಗೇ ಕರಗುವ ಪದಾರ್ಥ. ಮಾಮೂಲಿ ಮನೆ ವೈರಿನ ಪಿವಿಸಿ ಹೊದಿಕೆಯ ತಾಳಿಕೆ 70 ಡಿಗ್ರಿ. ಕರಿ ಟೇಪಿನ ಬಗ್ಗೆ ಮಾತೇ ಬೇಡ. ಸುಟ್ಟ ಭಾಗವನ್ನು ತಾಮ್ರ ಹೊಳೆಯುವ ತನಕ ಕತ್ತರಿಸಿ, ನಿಕ್ಕಲ್ ಲೇಪದ ಹೊಸ ಲಗ್ಗನ್ನು ಕ್ರಿಂಪಿಂಗ್ ಇಕ್ಕಳದಿಂದ ಬಿಗಿದು, ಶಾಖ ತಾಳುವ ವೈರಿಗೆ ಫೈಬರ್ ಸ್ಲೀವ್ ಹಾಕುವುದೇ ಸರಿ.

ಲಗ್ಗುಗಳೆಲ್ಲ ಸರಿಯಿದ್ದಾಗ ರಾಡಿನ ಸರದಿ. ವೈರ್ ಬಿಡಿಸಿ ಮಲ್ಟಿಮೀಟರನ್ನು ಓಮ್ಸ್‌ಗೆ ಇಡಬೇಕು. 230ರ ವರ್ಗ 52,900. ಅದನ್ನು ರಾಡಿನ ವ್ಯಾಟಿನಿಂದ ಭಾಗಿಸಿದರೆ 230 ವೋಲ್ಟಿನ 600 ವ್ಯಾಟಿನದಕ್ಕೆ ಸುಮಾರು 88 ಓಮ್ಸ್ ಬರಬೇಕು. ತಣ್ಣಗಿರುವ ಹಳೆಯ ಬಲ್ಬನ್ನು ಹೀಗೆ ಅಳೆದರೆ ಲೆಕ್ಕ ತಪ್ಪುತ್ತದೆ, ಟಂಗ್‌ಸ್ಟನ್ ಕಾದಾಗ ಅದರ ಓಮ್ಸ್ ಹತ್ತು ಪಟ್ಟು ಏರುತ್ತದೆ. ನಿಕ್ಕಲ್–ಕ್ರೋಮಿಯಂ ಹಾಗಲ್ಲ, ತಣ್ಣಗಿದ್ದಾಗಲೂ ಹೆಚ್ಚುಕಡಿಮೆ ನಿಜವನ್ನೇ ಹೇಳುತ್ತದೆ. ಮೀಟರಿನ ಮುಳ್ಳು ಅಲುಗದಿದ್ದರೆ ಆಗ ಮಾತ್ರ ರಾಡ್ ಹೋಗಿದೆ. ಹೊಸದು ತರುವಾಗ ತುದಿಯಲ್ಲಿ ಅಚ್ಚಾದ ವೋಲ್ಟನ್ನೂ ಓದಬೇಕು. ಎಷ್ಟೋ ಮಾದರಿಗಳಲ್ಲಿ ಎರಡು ರಾಡುಗಳು ಸೀರೀಸ್‌ನಲ್ಲಿದ್ದು, ತಲಾ ಅರ್ಧ ವೋಲ್ಟೇಜಿಗೆ ಮಾಡಿದವಾಗಿರುತ್ತವೆ. ಒಂದು ಹೋದರೆ ಜೋಡಿಯೇ ಆರಿಹೋಗುವುದು ಅದಕ್ಕೇ. ಅಂಗಡಿಯವನು ಎರಡನ್ನೂ ಬದಲಿಸಲು ಹೊರಟರೆ ತಡೆದು, ಒಂದೊಂದನ್ನೇ ಅಳೆಯಲು ಹೇಳಬಹುದು.

ಮಳೆಗಾಲದ ಕಾಯಿಲೆ ಬೇರೆ ಜಾತಿಯದು. ಜೂನ್‌ನಿಂದ ಮೂಲೆಯಲ್ಲಿ ಮುಚ್ಚಿಟ್ಟ ಓವನ್ನನ್ನು ದಸರಾ ಹೊತ್ತಿಗೆ ಹಚ್ಚಿದರೆ, ಕರೆಂಟ್ ಸೋರಿದಾಗ ಲೈನ್ ಕಡಿಯುವ ಆರ್‌ಸಿಸಿಬಿ ಟ್ರಿಪ್ ಆಗಿ ಮನೆಯೇ ಕತ್ತಲು. ಲೋಹದ ರಾಡಿನ ಒಳಗೆ ತಂತಿಯ ಸುತ್ತ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುಂಬಿರುತ್ತದೆ. ಕರೆಂಟ್ ತಡೆಯುವುದರಲ್ಲಿ ಅದು ನಿಸ್ಸೀಮ, ಆದರೆ ಗಾಳಿಯ ತೇವ ಹೀರುವ ಚಟ. 30 ಮಿಲಿಆಂಪಿಯರ್ ಸೋರಿದರೂ ಆರ್‌ಸಿಸಿಬಿ ಸುಮ್ಮನಿರುವುದಿಲ್ಲ, ಅದರ ಕೆಲಸವೇ ಅದು. ಆಗ ಕೆಲವರು ಮಾಡುವ ಉಪಾಯವೆಂದರೆ ಪ್ಲಗ್ಗಿನ ದಪ್ಪ ಅರ್ತ್ ಪಿನ್ನನ್ನು ಕಳಚಿಬಿಡುವುದು. ಟ್ರಿಪ್ ಆಗುವುದು ನಿಲ್ಲುತ್ತದೆ ನಿಜ, ಸೋರುವ ಕರೆಂಟ್ ಮಾತ್ರ ಹೊರಗಿನ ತಗಡಿನಲ್ಲಿ ಕಾದು ಕೂತಿರುತ್ತದೆ, ಒದ್ದೆ ಕೈಯಲ್ಲಿ ಬಾಗಿಲು ತೆಗೆಯುವವರಿಗಾಗಿ. ಬಲ್ಲ ಮಿಸ್ತ್ರಿ ರಾಡನ್ನು ಬಿಚ್ಚಿ ಹದವಾದ ಶಾಖದಲ್ಲಿ ನಿಧಾನವಾಗಿ ಒಣಗಿಸಿ, ಸೋರಿಕೆ ಪರೀಕ್ಷಿಸುವ 500 ವೋಲ್ಟಿನ ಮೆಗ್ಗರ್ ಹಿಡಿದು ನೋಡುತ್ತಾನೆ. ಒಂದು ಮೆಗಾಓಮ್ ಕೂಡ ಬಾರದಿದ್ದರೆ ಅದನ್ನು ಮತ್ತೆ ಹಾಕುವುದಿಲ್ಲ.

ಇದೆಲ್ಲ ರಾಡಿನ ಓವನ್ನಿನ ಮಾತು. ಮೈಕ್ರೋವೇವನ್ನೂ ಜನ ಓವನ್ ಎಂದೇ ಕರೆಯುತ್ತಾರೆ. ಅದನ್ನು ಮನೆಯಲ್ಲಿ ಬಿಚ್ಚಲೇಬಾರದು. ಅದರೊಳಗಿನ ಕೆಪಾಸಿಟರಿಗೆ ಎರಡು ಸಾವಿರ ವೋಲ್ಟಿಗಿಂತ ಹೆಚ್ಚು ಏರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಚಾರ್ಜ್ ಹಿಡಿದುಕೊಂಡಿರಬಲ್ಲದು.

ರಿಪೇರಿಯಾದ ಓಟಿಜಿಗೆ ಕೂಡಲೇ ಹಿಟ್ಟು ಹಾಕುವ ಆತುರ ಬೇಡ. ಕಿಟಕಿ ತೆರೆದು ಖಾಲಿಯಾಗಿಯೇ ಇಪ್ಪತ್ತು ನಿಮಿಷ ಉರಿಸಬೇಕು, ಹೊಸ ರಾಡ್ ಮೊದಲು ಒಂದಿಷ್ಟು ಹೊಗೆ ಬಿಡುತ್ತದೆ. ಥರ್ಮೋಸ್ಟಾಟಿನ ಎರಡು ಲೋಹದ ಪಟ್ಟಿ ಬಾಗಿ ಕರೆಂಟ್ ಕಡಿಯುವಾಗ ಸಣ್ಣಗೆ ‘ಟಕ್’ ಎನ್ನುವುದನ್ನೂ ಆಲಿಸಬೇಕು. ಒಳಗೊಂದು ಓವನ್ ಥರ್ಮಾಮೀಟರ್ ಇಟ್ಟರೆ ಗುಂಡಿಯ 180ಕ್ಕೂ ಒಳಗಿನ 180ಕ್ಕೂ ಎಷ್ಟು ಅಂತರವಿದೆ ಎಂದು ತಿಳಿಯುತ್ತದೆ. ಹತ್ತು–ಹದಿನೈದು ಡಿಗ್ರಿ ವ್ಯತ್ಯಾಸಕ್ಕೆ ಥರ್ಮೋಸ್ಟಾಟ್ ಬದಲಿಸುವ ಖರ್ಚು ದಂಡ. ಗುಂಡಿಯ ಪಕ್ಕ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ ಹಾಕಿಕೊಂಡರೆ ಆಯಿತು.